ಗೇಟಿನ ಹೊರಗೆ: ಕೊಲಂಬೊಗೆ ಹೋಗಿ ಬಂದದ್ದು

ಸುಮತಿ, ರಘು,

ಕೊಲಂಬೊದಿಂದ ನಾನು ತಿರುಗಿ ಬಂದ ದಿನ ನೀವಿಬ್ಬರೂ ನನ್ನ ಸೆರಗು ಬಿಡದೆ, ಹಡಗು ಎಷ್ಟು ದೊಡ್ಡದಿತ್ತು, ಆನೆ ಕಂಡೆಯಾ ಅಜ್ಜಿ ಎಂದು ಕೇಳುತ್ತಲೇ ಇದ್ದಿರಿ. ನಾನು ಲೇಹ್ಯದ ಡಬ್ಬಿಯ ಕತೆಯೊಂದನ್ನು ಹೇಳಿ ನಗಿಸಿದೆ. ಮಿಕ್ಕದ್ದನ್ನು ನುಂಗಿಕೊಂಡೆ. ನನಗೆ ಮಾತು ಬರುವುದಿಲ್ಲ. ನಾಲ್ಕು ಜನರಿದ್ದರೆ ನಾಲಿಗೆ ಒಣಗುತ್ತದೆ. ಆದರೆ ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಆದ್ದರಿಂದ ಬರೆದಿಡುತ್ತೇನೆ. ಈಗ ಓದುವುದು ಬೇಡ. ನೀವು ದೊಡ್ಡವರಾಗಿ, ಅಪ್ಪ ಹೇಗೆ ಹೋದರು ಎಂದು ಯಾರಾದರೂ ಕೇಳಿದಾಗ ನಿಮಗೆ ಉತ್ತರ ಬೇಕೆನಿಸಿದರೆ ಓದಿ.

ನಿಮ್ಮ ಅಪ್ಪ ಶ್ರೀಧರ ನನಗೆ ಒಬ್ಬನೇ ಮಗ. ಭಾಂಡುಪಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಸ್ತೆಯಲ್ಲಿ ನೋಡದೆ ನಡೆದು ಲಾರಿಗೆ ಸಿಕ್ಕಿ ಸತ್ತನೆಂದು ಪೊಲೀಸರು ಬರೆದುಕೊಂಡರು. ಕಾರ್ಖಾನೆಯವರೂ ಹಾಗೆಯೇ ಹೇಳಿದರು. ಚಾಳಿನ ನಲ್ಲಿಯ ಹತ್ತಿರ ಒಬ್ಬಾಕೆ "ಕುಡಿದಿದ್ದನೋ ಏನೋ, ಪಾಪ" ಎಂದದ್ದನ್ನು ಕೇಳಿ ಸುಮತಿ ಕೊಡವನ್ನು ಅಲ್ಲೇ ಬಿಟ್ಟು ಅಳುತ್ತ ಓಡಿಬಂದಿದ್ದಳು. ನಾನು ಅವಳ ತಲೆ ಸವರಿದೆ. ಆಗ ನನಗೂ ಏನೂ ಗೊತ್ತಿರಲಿಲ್ಲ.

ದಾದರ್

ನನ್ನ ಮಗಳು, ನಿಮ್ಮ ಅತ್ತೆ ಲಲಿತೆಗೆ ಕೊಲಂಬೊದಲ್ಲಿ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ಆದರೆ ಅವಳು ಸಿಲೋನಿನಿಂದ ಒಮ್ಮೆ ಹೊರಗೆ ಕಾಲಿಟ್ಟರೆ ತಿರುಗಿ ಒಳಗೆ ಬರಲು ಪರ್ಮಿಟ್ ಸಿಗುವುದೋ ಇಲ್ಲವೋ ಎಂಬ ಭಯ. ಅಲ್ಲಿ ನಮ್ಮ ಕಡೆಯವರಿಗೆಲ್ಲ ಈಗ ಅದೇ ಭಯವಂತೆ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಅವಳಲ್ಲಿಗೆ ಹೋಗಬೇಕು. ನಿಮ್ಮ ಅಮ್ಮ ಕಮಲ ಹೊಲಿಗೆಯ ಯಂತ್ರದಿಂದ ತಲೆಯೆತ್ತಿ, "ನೀವು ಹೋಗಿ ಅತ್ತೆ, ಮಕ್ಕಳನ್ನು ನಾನು ನೋಡಿಕೊಳ್ತೇನೆ" ಎಂದಳು.

ನಮ್ಮೂರಿನ ಕಡೆಯ ಶೀನಣ್ಣ ಕೊಲಂಬೊದ ಹೋಟೆಲೊಂದರಲ್ಲಿ ಅಡುಗೆಯವನು. ರಜೆಗೆ ಬಂದವನು ತಿರುಗಿ ಹೊರಟಿದ್ದ. ಅವನ ಜೊತೆಯಲ್ಲಿ ನನ್ನನ್ನು ಕಳಿಸಿದರು.

ಗಂಡ ಹೋದಂದಿನಿಂದ, ಪ್ರಯಾಣಕ್ಕೆ ಹೊರಡುವವರ ಎದುರಿಗೆ ಸಿಗಬಾರದೆಂದು ನಾನು ಗೋಡೆಗೆ ಸರಿದು ನಿಲ್ಲುವವಳು. ದಾದರ್ ಸ್ಟೇಷನ್ನಿನಲ್ಲಿ ಎಲ್ಲರೂ ಪ್ರಯಾಣಕ್ಕೆ ಹೊರಡುವವರೇ. ಸರಿದೆ, ಇನ್ನೂ ಸರಿದೆ, ಕೊನೆಗೆ ಹಣ್ಣಿನ ಗಾಡಿಯ ಹಿಂದೆ ನಿಂತುಬಿಟ್ಟೆ. ಮದರಾಸಿನ ರೈಲು ಬಂದು ಹೊರಡುವ ಸೀಟಿಯೂ ಆಯಿತು. ಶೀನಣ್ಣ ಬೆವರಿಳಿಸಿಕೊಂಡು ಹುಡುಕಿ ಬಂದ.

"ಅಕ್ಕಾ, ಹೊರಟದ್ದು ನೀವೇ ಅಲ್ವಾ ಮಾರಾಯ್ತಿ! ನಿಮಗೆ ನೀವೇ ಅಪಶಕುನ ಆಗ್ಲಿಕ್ಕೆ ಹೊರಟದ್ದಾ? ಹತ್ತಿ, ಹತ್ತಿ!"

ನನ್ನನ್ನು ಗಂಟುಮೂಟೆಯ ಜೊತೆಗೆ ಇನ್ನೊಂದು ಮೂಟೆಯಂತೆ ಒಳಗೆ ನೂಕಿದ. ರೈಲಿನ ಡಬ್ಬಿಯೊಳಗಿನ ಹೆಂಗಸರೆಲ್ಲ ನಕ್ಕರು. ನಾನು ಕಿಟಕಿಗೆ ಮುಖ ಮಾಡಿ ಕುಳಿತವಳು ಮದರಾಸಿನವರೆಗೆ ಆ ಕಡೆ ತಿರುಗಲಿಲ್ಲ.

ಮಂಡಪಂ

ಮದರಾಸಿನಿಂದ ಇನ್ನೊಂದು ರೈಲು. ಸಮುದ್ರ ಸಿಗುವ ಮೊದಲು ಮಂಡಪಂ ಎಂಬಲ್ಲಿ ಎಲ್ಲರನ್ನೂ ಇಳಿಸಿ, ಕಾಯಿಲೆ ಕಸಾಲೆ ಇದೆಯೇ ಎಂದು ನೋಡುತ್ತಾರೆ. ಗಂಟುಗಳನ್ನೂ ಬಿಚ್ಚಿಸುತ್ತಾರೆ. ಅಲ್ಲೇ ಲೇಹ್ಯದ ಡಬ್ಬಿ ಸಿಕ್ಕಿಬಿದ್ದದ್ದು. ಬಾಣಂತಿಗೆಂದು ನಾನೇ ಕಾಯಿಸಿ ಮಾಡಿದ ಕರೀ ಲೇಹ್ಯ. ಅಧಿಕಾರಿ ಮೂಸಿದ, ಬೆರಳಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದ. ಅಫೀಮು ಎಂದೇ ಅವನ ಅನುಮಾನ. ಶೀನಣ್ಣ ತನ್ನ ಹೋಟೆಲಿನ ತಮಿಳಿನಲ್ಲಿ ಏನೋ ಹೇಳಿದ. ಅಧಿಕಾರಿ ಒಂದು ಗಳಿಗೆ ಅವನನ್ನೇ ದುರುಗುಟ್ಟಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ.

"ಎಂತ ಹೇಳಿದೆ ನೀನು?" ಎಂದು ಆಮೇಲೆ ಶೀನಣ್ಣನನ್ನು ಕೇಳಿದೆ.

"ತಿಂದು ನೋಡಿ ಸ್ವಾಮಿ, ಆದರೆ ನಾಡಿದ್ದು ನಿಮಗೇ ಹೆರಿಗೆ ಆದರೆ ನಾವು ಜವಾಬ್ದಾರರಲ್ಲ ಅಂದೆ."

ಈ ಕತೆ ನಿಮಗೆ ಗೊತ್ತು. ಧನುಷ್ಕೋಟಿಯಲ್ಲಿ ಎರಡು ಕಡೆಯೂ ಸಮುದ್ರ, ನಡುವೆ ಸೀರೆಯ ಅಂಚಿನಷ್ಟು ಮರಳು. ಅಲ್ಲಿಂದ ಹಡಗು. ಶೀನಣ್ಣ ಎಲೆಯಡಿಕೆ ಹಾಕಿ ಬಾಯಿ ಕೆಂಪಾಗಿ ಮುಗಿಯುವಷ್ಟರಲ್ಲಿ ಆಚೆಯ ದಡ ಕಂಡಿತು ಎಂದರೆ ಹೆಚ್ಚು ಸುಳ್ಳಾಗದು. ಎರಡು ದೇಶಗಳ ನಡುವೆ ಇಷ್ಟೇ ನೀರೇ ಎನಿಸಿತು.

ಕೊಲಂಬೊ: ಅಡುಗೆಮನೆಯ ಕಿಟಕಿ

ಪರದೇಶವೆಂದು ಹೆದರಿದ್ದೆ. ನೋಡಿದರೆ ನಮ್ಮೂರಿನದೇ ತೆಂಗು, ನಮ್ಮೂರಿನದೇ ಕೆಂಪು ಮಣ್ಣು. ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದೂ ಮಣ್ಣಿನ ಮೇಲೆ ಕಾಲಿಡದ ನನಗೆ ಅಲ್ಲಿನ ಅಂಗಳ ಗುಡಿಸುವುದೇ ಒಂದು ಸುಖವಾಯಿತು. ಅಳಿಯ ಮಾಧವ ಪಟ್ಟಣದ ಅಂಚಿನ ಒಂದು ಕೊಬ್ಬರಿ ಎಣ್ಣೆ ಗಿರಣಿಯಲ್ಲಿ ಗುಮಾಸ್ತರು. ಮನೆಯ ಹಿತ್ತಲು ಗಿರಣಿಯ ಎದುರಿಗೇ ಇತ್ತು. ಅಡುಗೆಮನೆಯ ಕಿಟಕಿ ತೆರೆದರೆ ಅದರ ಗೇಟು. ಇಡೀ ಮನೆ ಎಣ್ಣೆಯ ವಾಸನೆ. ಒಗ್ಗರಣೆ ಹಾಕಿದರೂ ಗೊತ್ತಾಗದು.

ಪಕ್ಕದ ಮನೆಯಲ್ಲಿ ಸಿಂಹಳದ ಅಜ್ಜಿ ಒಬ್ಬಳಿದ್ದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಆದರೂ ದಿನಾ ಬೇಲಿಯ ಹತ್ತಿರ ನಿಂತು ಇಬ್ಬರೂ ಮಾತಾಡುತ್ತಿದ್ದೆವು. ಜೀವಮಾನದಲ್ಲಿ ನಾನು ಅಷ್ಟು ಧೈರ್ಯವಾಗಿ ಯಾರೊಡನೆಯೂ ಮಾತಾಡಿಲ್ಲ. ಅಲ್ಲಿಯವರು ವೀಳ್ಯದೆಲೆ ಕೊಡುವಾಗ ಎರಡೂ ಕೈಯಲ್ಲಿ ಹಿಡಿದು ಬಾಗಿ ಕೊಡುತ್ತಾರೆ. ನನಗೂ ಹಾಗೆಯೇ ಕೊಟ್ಟಳು. ವಿಧವೆಗೆ ಯಾರೂ ಹಾಗೆ ಕೊಡುವುದಿಲ್ಲವೆಂದು ಅವಳಿಗೆ ತಿಳಿಸಲು ನನಗೆ ಕೈಸನ್ನೆ ಗೊತ್ತಿರಲಿಲ್ಲ.

ಲಲಿತೆಗೆ ಹೆಣ್ಣುಮಗು ಹುಟ್ಟಿತು. ಬಾಣಂತನ ನಡೆಯುತ್ತಿದ್ದಾಗಲೇ ಒಂದು ದಿನ ಮಧ್ಯಾಹ್ನ ಗಿರಣಿಯ ಸದ್ದು ಒಮ್ಮೆಗೇ ನಿಂತಿತು. ಸಿರಿಸೇನ ಎಂಬ ಕೆಲಸಗಾರನ ಎರಡು ಬೆರಳು, ಚಕ್ರದಿಂದ ಚಕ್ರಕ್ಕೆ ಓಡುವ ತೊಗಲಿನ ಪಟ್ಟಿಗೆ ಸಿಕ್ಕಿ ಹೋದವು. ಗಿರಣಿಯ ವ್ಯಾನಿನಲ್ಲೇ ಅವನನ್ನು ಆಸ್ಪತ್ರೆಗೆ ಒಯ್ದರು. ಆಮೇಲೆ ನಡೆದದ್ದು ನನಗೆ ಹೊಸತು. ಆ ಯಂತ್ರವನ್ನು ಯಾರೂ ಮುಟ್ಟದಂತೆ ಸುತ್ತ ಹಗ್ಗ ಕಟ್ಟಿದರು. ಮರುದಿನ ಸರಕಾರದ ಇನ್‌ಸ್ಪೆಕ್ಟರ್ ಬಿಳಿ ಷರಾಯಿ ತೊಟ್ಟು, ಕೊಡೆ ಹಿಡಿದುಕೊಂಡು ಬಂದ. ಮೊಣಕಾಲೂರಿ ಯಂತ್ರದ ಬುಡ ನೋಡಿದನೆಂದು ಮಾಧವ ಹೇಳಿದರು. ಎಲ್ಲರನ್ನೂ ಕೇಳಿದ, ಚಹಾ ಕೊಡುವ ಹೆಂಗಸನ್ನೂ ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಪಟ್ಟಿಗೆ ತಂತಿಯ ಜಾಳಿಗೆ ಬಂತು.

ಎರಡು ಬೆರಳಿಗೆ! ಊಟ ಬಡಿಸುತ್ತ ನಾನು ಅಳಿಯನನ್ನು ಕೇಳಿದೆ, "ಇಲ್ಲಿ ಇಂಥದ್ದಕ್ಕೆಲ್ಲ ಕಾನೂನು ಉಂಟೇ?"

"ಉಂಟು ಅತ್ತೆ. ಪೆಟ್ಟಾದರೆ ಬರೆದು ಕಳಿಸ್ಲೇಬೇಕು. ಸತ್ತರೆ ಕೂಡಲೇ ತಿಳಿಸ್ಬೇಕು. ಬರೆಯುವವನು ನಾನೇ ಅಲ್ವಾ!"

"ನಮ್ಮಲ್ಲಿಯೂ ಹೀಗೊಂದು ಕಾನೂನು ಬಂದಿದ್ದರೆ..."

ಮಾಧವ ತುತ್ತು ಎತ್ತಿದವರು ನಿಲ್ಲಿಸಿದರು. "ಎಂತ ಹೇಳ್ತೀರಿ? ಅಲ್ಲಿಯೂ ಇದೇ ಉಂಟು. ಇಂಗ್ಲೆಂಡಿನದ್ದನ್ನು ನೋಡಿ ಬರೆದದ್ದು ಎರಡೂ. ಎಷ್ಟು ದಿನ ಕೆಲಸ ತಪ್ಪಿದರೆ ತಿಳಿಸ್ಬೇಕು ಅನ್ನುವುದರಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆ. ನಿಜ ಹೇಳ್ಬೇಕಾದ್ರೆ ನಮ್ಮ ಇಂಡಿಯಾದ್ದು ಹೊಸತು, ಇನ್ನೂ ಬಿಗಿ. ಓಡುವ ಪಟ್ಟಿಯ ಹತ್ತಿರ ಹೋಗುವವನು ಕಲಿತವನಾಗಿರ್ಬೇಕು, ಬಿಗಿಯಾದ ಬಟ್ಟೆ ಹಾಕಿರ್ಬೇಕು, ಅಂತ ಕೂಡ ಅದರಲ್ಲಿ ಬರೆದಿದೆ."

ಬಿಗಿಯಾದ ಬಟ್ಟೆ. ಶ್ರೀಧರ ಕೆಲಸಕ್ಕೆ ಹೋಗುತ್ತಿದ್ದದ್ದು ಅವನ ಅಪ್ಪನ ಹಳೆಯ ದೊಗಳೆ ಅಂಗಿಗಳಲ್ಲಿ. ಹರಿಯುವವರೆಗೆ ಕೆಲಸಕ್ಕಾಗುತ್ತದೆ ಎಂದು ನಾನೇ ತೆಗೆದುಕೊಟ್ಟಿದ್ದೆ.

"ಅವನದ್ದು ರಸ್ತೆಯಲ್ಲಿ ಆದದ್ದಲ್ಲವೇ," ಎಂದು ನನಗೆ ನಾನೇ ಹೇಳಿಕೊಂಡಂತೆ ಅಂದೆ.

"ಎಷ್ಟು ಹೊತ್ತಿಗೆ ಆದದ್ದು ಅತ್ತೆ?"

"ಹಗಲು. ಊಟದ ಹೊತ್ತಿಗೆ ಇನ್ನೂ ತುಂಬ ಸಮಯವಿತ್ತು."

"ಪಾಳಿಯ ನಡುವೆ ಗೇಟು ತೆರೆಯುವುದಿಲ್ಲ. ಭಾವ ರಸ್ತೆಗೆ ಹೇಗೆ ಬಂದರು?"

ಇಡೀ ಚಾಳು ನೆರೆದಿತ್ತು, ಪೊಲೀಸರು ಬಂದಿದ್ದರು, ಕಾರ್ಖಾನೆಯಿಂದ ಹೂವಿನ ಹಾರ ಬಂದಿತ್ತು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅನ್ನದ ಪಾತ್ರೆ ಹಿಡಿದವಳು ಅಲ್ಲೇ ಕುಳಿತೆ.

ಜೊತೆಗೆ ಕೆಲಸ ಮಾಡಿದವರು ಯಾರಾದರೂ ಕಂಡದ್ದನ್ನು ಹೇಳಿದರೆ ಈಗಲೂ ಸರಕಾರಕ್ಕೆ ಅರ್ಜಿ ಹಾಕಬಹುದು ಎಂದರು ಮಾಧವ. ಶವದ ಜೊತೆ ಮನೆಗೆ ಬಂದಿದ್ದ ಈರಪ್ಪನ ಮುಖ ನೆನಪಿಗೆ ಬಂತು. ಧಾರವಾಡದ ಕಡೆಯವನು, ಶ್ರೀಧರನ ಪಕ್ಕದಲ್ಲೇ ನಿಂತು ದುಡಿಯುತ್ತಿದ್ದವನು. ಆ ದಿನ ಅವನು ನನ್ನ ಮುಖ ನೋಡಿರಲಿಲ್ಲ. ಮುಂಬಯಿಗೆ ಹೋದ ಕೂಡಲೇ ಅವನನ್ನು ಕೇಳಬೇಕು, ನನ್ನ ಮಗ ಕುಡುಕನಲ್ಲ ಎಂದು ಒಂದು ಕಡೆಯಾದರೂ ಬರೆಸಬೇಕು ಎಂದುಕೊಂಡೆ. ಅಂಥ ಧೈರ್ಯ ನನಗೆ ಎಲ್ಲಿಂದ ಬಂತೋ! ಈ ದೇಶದ ಗಾಳಿಯೇ ಬೇರೆ, ಇಲ್ಲಿ ಮನುಷ್ಯನ ಬೆರಳಿಗೂ ಬೆಲೆಯಿದೆ ಎಂದು ಲಲಿತೆಗೆ ಎಷ್ಟು ಸಲ ಹೇಳಿದೆನೋ.

ಕೊಲಂಬೊ: ತೊಟ್ಟಿಲು ಹಾಕಿದ ದಿನ

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರೆಲ್ಲ ಹೊರಗಿನ ಕೋಣೆಯಲ್ಲಿ ಸೇರಿದ್ದರು. ನಾನು ಅಡುಗೆಮನೆಯಲ್ಲಿ ಉಳಿದೆ. ಯಾರೂ ಹೇಳಬೇಕಾಗಿರಲಿಲ್ಲ. ಹಾಡು ಕೇಳುತ್ತ ಕಿಟಕಿಯ ಹತ್ತಿರ ನಿಂತಿದ್ದೆ. ಮಾಧವ ರಜೆ ಹಾಕಿದ್ದರು, ಗಿರಣಿ ಮಾತ್ರ ನಡೆಯುತ್ತಿತ್ತು.

ಗಿರಣಿಯ ಅಂಗಳದಲ್ಲಿ ಕೊಬ್ಬರಿ ಚೀಲಗಳನ್ನು ಮನೆಯೆತ್ತರಕ್ಕೆ ಒಟ್ಟಿರುತ್ತಾರೆ. ಅಲ್ಲಿ ಚೀಲ ಹೊರುವವರಲ್ಲಿ ಮುತ್ತು ಎಂಬವನೊಬ್ಬನಿದ್ದ. ನಮ್ಮ ದೇಶದ ರಾಮನಾಡಿನ ಕಡೆಯಿಂದ ಬಂದ ತಮಿಳನು. ಬಿಸಿಲಿಗೆ ನಮ್ಮ ಹಿತ್ತಲಿಗೆ ಬಂದು, "ಅಮ್ಮಾ, ತಣ್ಣಿ" ಎಂದು ನೀರು ಕೇಳಿ ಕುಡಿದು ಹೋಗುತ್ತಿದ್ದ. ಆ ದಿನ ಒಟ್ಟಿದ ಚೀಲಗಳು ಒಂದು ಮಗ್ಗುಲಿಗೆ ಜರಿದು ಅವನ ಮೇಲೆ ಕುಸಿದವು. ಧೂಳು ಎದ್ದಿತು. ಕೂಗಾಡಿದರು, ಚೀಲ ಎಳೆದರು. ನಾಲ್ವರು ಅವನನ್ನು ಎತ್ತಿದರು. ಗಿರಣಿಯ ವ್ಯಾನು ಅಲ್ಲೇ ನಿಂತಿತ್ತು. ಅದರ ಪಕ್ಕದಲ್ಲೇ ಅವನನ್ನು ಹೊತ್ತು ನಡೆದರು. ಗೇಟು ದಾಟಿದರು. ಹೊರಗೆ ರಸ್ತೆಯ ಬದಿಯ ಮರದ ಕೆಳಗೆ ಮೆಲ್ಲನೆ ಇಳಿಸಿದರು. ಒಬ್ಬ ಗೋಣಿಯನ್ನು ಮಡಿಸಿ ಅವನ ತಲೆಯಡಿಗೆ ಇಟ್ಟ. ಹಿಂದಿನಿಂದ ಗೇಟು ಮುಚ್ಚಿತು.

ಆಮೇಲೆ ಬಾಡಿಗೆ ಕಾರಿಗಾಗಿ ಕಾದರು.

ನಾನು ಹಿತ್ತಲ ಬಾಗಿಲಿನಿಂದ ನೀರು ಹಿಡಿದು ಓಡಿದೆ. ಮೇಸ್ತ್ರಿ ಕೈಯಾಡಿಸಿ ಹೋಗು ಎಂದ. ಹೋಗಲಿಲ್ಲ. ಮುತ್ತುವಿನ ಕಣ್ಣು ತೆರೆದಿತ್ತು. ಬಾಯಿಗೆ ಬಿಟ್ಟ ನೀರು ಕೆನ್ನೆಯ ಮೇಲಿಂದ ಹೊರಗೆ ಹೋಯಿತು. ಕಾರು ಬರುವಷ್ಟರಲ್ಲಿ ಒಳಗೆ ಹಾಡು ಮುಗಿದು ಸಕ್ಕರೆ ಹಂಚುತ್ತಿದ್ದರು. ಸಂಜೆ ಬೇಲಿಯ ಹತ್ತಿರ ಸಿಂಹಳದ ಅಜ್ಜಿ ಅಂಗೈಯನ್ನು ಕವುಚಿ ತೋರಿಸಿದಳು. ಆ ಸನ್ನೆ ಎಲ್ಲ ದೇಶದಲ್ಲೂ ಒಂದೇ.

"ಇನ್‌ಸ್ಪೆಕ್ಟರ್ ನಾಳೆ ಬರ್ತಾರಲ್ಲವೇ?" ಎಂದು ಮಾಧವರನ್ನು ಕೇಳಿದೆ.

"ಯಾಕೆ ಅತ್ತೆ? ರಸ್ತೆಯಲ್ಲಿ ಬಿದ್ದು ಸತ್ತದ್ದಂತೆ. ಅದು ಗಿರಣಿಯ ಲೆಕ್ಕಕ್ಕೆ ಬರುವುದಿಲ್ಲ. ಅಂವ ನಮ್ಮ ಹಾಜರಿ ಪುಸ್ತಕದಲ್ಲಿಯೂ ಇಲ್ಲ. ಕಂತ್ರಾಟಿನವನು, ದಿನಗೂಲಿ. ಪರ್ಮಿಟ್ ಕೂಡ ಇರ್ಲಿಲ್ಲವಂತೆ."

"ನಾನು ಕಂಡಿದ್ದೇನೆ. ಒಳಗಿನಿಂದ ಹೊತ್ತು ತಂದರು. ನಾನು ಹೇಳ್ತೇನೆ."

ಮಾಧವ ಬಾಗಿಲು ಮುಂದೆ ಮಾಡಿ ಬಂದರು. ಕೆಟ್ಟವರಲ್ಲ ಅವರು, ಧ್ವನಿ ಮಾತ್ರ ತಗ್ಗಿತು. "ನೀವು ಬಂದದ್ದು ಪರ್ಮಿಟಿನ ಮೇಲೆ. ನಾನಿರುವುದೂ ಪರ್ಮಿಟಿನ ಮೇಲೆ. ಅದನ್ನು ಹೊಸತು ಮಾಡಿಸ್ಲಿಕ್ಕೆ ಗಿರಣಿಯವರೇ ಸಹಿ ಹಾಕ್ಬೇಕು. ಒಳಗೆ ಎಳೆ ಮಗು ಉಂಟು ಅತ್ತೆ."

ತೊಟ್ಟಿಲಿನಿಂದ ಮಗು ಕುಂಯ್‌ಗುಟ್ಟಿತು. ನಾನು ಎದ್ದು ಹೋಗಿ ತೂಗಿದೆ. ಹೇಳಲಿಲ್ಲ. ಹೊರಡುವವರೆಗೂ ಯಾರ ಮುಂದೆಯೂ ಹೇಳಲಿಲ್ಲ.

ಅಲ್ಲಿಗೆ ಆ ದೇಶದ ಗಾಳಿ, ಈ ದೇಶದ ಗಾಳಿ ಎಂಬುದೆಲ್ಲ ಮುಗಿಯಿತು. ಊರಿಗೆ ಹೊರಟಿದ್ದ ಒಂದು ಸಂಸಾರದ ಜೊತೆ ನನ್ನನ್ನು ಕಳಿಸಿದರು. ತಿರುಗಿ ಬರುವಾಗ ಹಡಗಿನಲ್ಲಿ ಶೀನಣ್ಣನೂ ಇರಲಿಲ್ಲ, ನಗಿಸುವವರೂ ಇರಲಿಲ್ಲ. ಎರಡು ದಡಗಳಲ್ಲೂ ಒಂದೇ ಪುಸ್ತಕದ ಕಾನೂನು. ಎರಡು ದಡಗಳಲ್ಲೂ ಎತ್ತಿ ಗೇಟಿನ ಹೊರಗೆ ಇಳಿಸುವ ಕೈಗಳು. ನೀರು ಮಾತ್ರ ನಡುವೆ ಸುಮ್ಮನೆ ಅಲ್ಲಾಡುತ್ತಿತ್ತು. ಈಗ ನನಗೆ ತಿಳಿಯಬೇಕಾದದ್ದು ಒಂದೇ ಒಂದು ಸಂಗತಿ.

ಭಾಂಡುಪ್

ನಾನು ಒಬ್ಬಳೇ ಲೋಕಲ್ ಹತ್ತಿದ್ದು ಅದೇ ಮೊದಲು. ನಿಮ್ಮ ಅಮ್ಮನಿಗೆ ದೇವಸ್ಥಾನಕ್ಕೆ ಹೋಗಿಬರುತ್ತೇನೆಂದು ಹೇಳಿದ್ದೆ. ಕಾರ್ಖಾನೆಗಳ ಸಾಲಿನ ಹಿಂದೆ ಈರಪ್ಪನ ಚಾಳು. ಕೇಳುತ್ತ ಕೇಳುತ್ತ ಹೋದೆ. ಅವನಿಗೆ ವಾರದ ರಜೆ.

"ಬರ್ರಿ ಅವ್ವಾರ, ಒಳಗ ಬರ್ರಿ. ಖೋಲಿ ಸಣ್ಣದೈತಿ, ತಲಿ ನೋಡ್ಕೊಂಡು." ಅವನ ಹೆಂಡತಿ ಚಾಪೆ ಹಾಸಿ ಚಹಾ ತಂದಿಟ್ಟಳು. "ಕೊಲಂಬೊಕ್ಕ ಹೋಗಿದ್ರಂತಲ್ಲ! ಹನುಮಪ್ಪ ಹಾರಿ ದಾಟಿದ್ದ, ನೀವು ಚಹಾ ಕುಡಕೋತ ದಾಟಿ ಬಂದ್ರಿ ಬಿಡ್ರಿ."

ನಗಬೇಕಿತ್ತು. ನಗಲಾಗಲಿಲ್ಲ. ನಾನು ಅವನನ್ನು ಏನೂ ಕೇಳಲಿಲ್ಲ. ಮುತ್ತುವಿನ ಕತೆ ಹೇಳಿದೆ. ಚೀಲ ಬಿದ್ದದ್ದು, ನಾಲ್ವರು ಎತ್ತಿದ್ದು, ವ್ಯಾನಿನ ಪಕ್ಕದಲ್ಲೇ ನಡೆದದ್ದು, ಗೇಟು, ಮರ, ಗೋಣಿ. ಹೇಳುತ್ತ ಹೋದಂತೆ ಈರಪ್ಪ ಚಹಾವನ್ನು ಕುಡಿಯದೆ ಕೆಳಗಿಟ್ಟ. ಅವನು ಹೆಂಡತಿಯ ಕಡೆ ನೋಡಿ, "ನಳ ಬಂದೈತೇನು ನೋಡ್ಕೊಂಬಾ ಹೋಗು" ಎಂದ. ಅವಳು ಹೊರಗೆ ಹೋದಳು.

"ಶ್ರೀಧರನನ್ನು ಹೊರಗೆ ತಂದಾಗ ಅವನಿಗೆ ಜೀವ ಇತ್ತೇ, ಈರಪ್ಪ?"

ಅವನು ಎದ್ದು ಹೊರಗೊಮ್ಮೆ ನೋಡಿ ಬಂದು ಕುಳಿತ.

"ಇತ್ತ್ರಿ."

ಆಮೇಲೆ ತಾನಾಗಿಯೇ ಹೇಳಿದ. "ಪಟ್ಟಾ ಜಾರಿತ್ತ್ರಿ. ಅದನ್ನ ಏರಿಸ್ಬೇಕಂದ್ರ ಮಷಿನ್ ಬಂದ್ ಮಾಡ್ಬೇಕು. ಒಂದು ಬಂದ್ ಮಾಡಿದ್ರ ಸಾಲಿಗೆ ಸಾಲ ನಿಲ್ತೈತಿ. ಮ್ಯಾಲ ನಿಂತು ಕೆಲಸ ಮಾಡ್ಸೋ ಮುಕಾದಮ, ಚಾಲೂ ಇದ್ದಾಗನ ಏರ್ಸು ಅಂದ. ಎಲ್ಲಾರೂ ಹಂಗ ಮಾಡ್ತೀವ್ರಿ, ಕಟಗಿ ಹಿಡದು. ಶ್ರೀಧರಣ್ಣನ ಅಂಗಿ ತೋಳು ಸಿಕ್ಕೊಂತು. ಎತ್ತಿ ಒಗದ್ಬಿಡ್ತು. ನಾವ ನಾಕ ಮಂದಿ ಹೊತ್ಕೊಂಡ್ವಿ. ದವಾಖಾನಿಗೆ ಒಯ್ಯಾಕತ್ತೀವಿ ಅಂತನ ತಿಳದಿದ್ದೆ, ದೇವರಾಣಿ. ಗೇಟ್ ದಾಟಿದ ಮ್ಯಾಲೆ ಇಲ್ಲೇ ಇಳಸ್ರಿ ಅಂದ್ರು. ಇಳಿಸಿದ್ವಿ."

"ಅವನು ಏನಾದರೂ ಹೇಳಿದನೇ?"

ಈರಪ್ಪ ನೆಲ ನೋಡಿದ. "'ಇಲ್ಲಿ ಯಾಕೆ ಇಳಿಸ್ತೀರಿ ಈರಪ್ಪ' ಅಂತ ಕೇಳಿದ್ನ್ರಿ. ಎರಡ ಸಲ ಕೇಳಿದ. ನಾ ಏನೂ ಅನ್ಲಿಲ್ಲ."

ಹೊರಗೆ ನಲ್ಲಿಯ ಹತ್ತಿರ ಹೆಂಗಸರ ಜಗಳ ನಡೆದಿತ್ತು.

"ಇದನ್ನು ಸರಕಾರದವರ ಮುಂದೆ ಹೇಳ್ತೀಯಾ?" ಎಂದೆ. ನನ್ನ ಧ್ವನಿ ನನಗೇ ಕೇಳಲಿಲ್ಲ. ಅವನಿಗೆ ಕೇಳಿಸಿತು.

"ನನ್ನ ತಮ್ಮ ಈಗ ಅದ ಪಟ್ಟಾದ ಬುಡಕ ನಿಂತಾನ್ರಿ. ಶ್ರೀಧರಣ್ಣನ ಜಾಗಾದಾಗ. ನಾ ಅಂದು ಬಾಯಿ ಮುಚ್ಕೊಂಡಿದ್ದಕ್ಕ ಅವಗ ಆ ಕೆಲಸ ಕೊಟ್ಟಾರ. ಮನಿಗೆ ಅವನ ಆಧಾರ." ಕಣ್ಣೊರೆಸಿಕೊಂಡ. "ಸಾಹೇಬ್ರು ನೋಡಾಕ ಬರ್ತಾರಂದ್ರ ಇವರಿಗೆ ಮೊದಲ ಗೊತ್ತಾಗ್ತೈತ್ರಿ. ಅವತ್ತ ಜಾಳಗಿ ಕೂಡಿಸ್ತಾರ. ಅವರು ಹೊಳ್ಳಿದ ಮ್ಯಾಲೆ ತಗದು ಮೂಲ್ಯಾಗ ಇಡ್ತಾರ." ಸ್ವಲ್ಪ ತಡೆದು, ಚುಚ್ಚಲೆಂದಲ್ಲ, ತಿಳಿಯಬೇಕೆಂದೇ ಕೇಳಿದ: "ನೀವು ಅಲ್ಲಿ ಹೇಳಿದ್ರೇನ್ರಿ ಅವ್ವಾರ? ಆ ಚೀಲದಾವನ ಸುದ್ದಿ?"

"ಇಲ್ಲ," ಎಂದೆ.

ಆಮೇಲೆ ಅವನನ್ನು ಕೇಳಲು ನನ್ನಲ್ಲಿ ಏನೂ ಉಳಿಯಲಿಲ್ಲ. ಅವನ ಹೆಂಡತಿ ತುಂಬಿದ ಕೊಡ ಹೊತ್ತು ಬಂದಳು. ನಾನು ಎದ್ದೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಕಾರ್ಖಾನೆಯ ಗೇಟು. ಅದರ ಹೊರಗೆ ರಸ್ತೆಯ ಬದಿ ಎಲ್ಲ ರಸ್ತೆಗಳ ಬದಿಯ ಹಾಗೆಯೇ ಇತ್ತು. ಜನ ನಡೆಯುತ್ತಿದ್ದರು. ಯಾವ ಜಾಗವೆಂದು ಅವನನ್ನು ಕೇಳಲು ಮರೆತಿದ್ದೆ. ಆದ್ದರಿಂದ ಎಲ್ಲಿಯೂ ಕಾಲಿಡಲು ಮನಸ್ಸು ಬಾರದೆ ರಸ್ತೆಯ ನಡುವೆಯೇ ನಡೆದೆ. ಒಬ್ಬ ಲಾರಿಯವನು ಬೈದು ಹೋದ.

ನಿಮ್ಮ ಅಮ್ಮನಿಗೆ ಪಟ್ಟಿಯ ಸಂಗತಿ ಹೇಳಿದ್ದೇನೆ, ಗೇಟಿನ ಸಂಗತಿಯನ್ನೂ ಹೇಳಿದ್ದೇನೆ. ಅವಳು ಯಂತ್ರ ನಿಲ್ಲಿಸಲಿಲ್ಲ, ಹೊಲಿಯುತ್ತಲೇ ಕೇಳಿದಳು. ಅವನು ಕೇಳಿದ ಮಾತನ್ನು ಮಾತ್ರ ಅವಳಿಗೆ ಹೇಳಿಲ್ಲ. ಅದನ್ನು ನಿಮಗೆ ಬಿಟ್ಟು ಹೋಗುತ್ತಿದ್ದೇನೆ. ದೊಡ್ಡ ಭಾರವನ್ನು ಚಿಕ್ಕವರ ತಲೆಗೆ ಕಟ್ಟುತ್ತಿದ್ದೇನೆಂದು ಗೊತ್ತಿದೆ. ಬೇರೆ ಯಾರ ಹತ್ತಿರ ಇಡಲಿ?

ಮಕ್ಕಳೇ, ಈ ಹಾಳೆಗಳನ್ನು ಜೋಪಾನ ಮಾಡಿ. ಮಳೆಗಾಲದಲ್ಲಿ ನಮ್ಮ ಗೋಡೆ ಬೆವರುತ್ತದೆ, ಗೋಡೆಗೆ ತಾಗಿಸಿ ಇಡಬೇಡಿ. ಈರಪ್ಪ ಎಂಬುದು ಆ ಮನುಷ್ಯನ ನಿಜವಾದ ಹೆಸರಲ್ಲ, ಹುಡುಕಲು ಹೋಗಬೇಡಿ. ಅವನ ತಮ್ಮ ಆ ಪಟ್ಟಿಯ ಬುಡದಿಂದ ಕ್ಷೇಮವಾಗಿ ಬೇರೆ ಕಡೆ ಹೋಗುವವರೆಗೆ ಹೊರಗಿನವರಿಗೆ ತೋರಿಸಬೇಡಿ. ಆಮೇಲೆ ಯಾರಾದರೂ ಕೇಳುವವರು ಸಿಕ್ಕಿದರೆ ತೋರಿಸಿ. ಸಿಗುವರೆಂದು ನನಗೆ ನಂಬಿಕೆಯಿಲ್ಲ. ನಿಮ್ಮ ಅಪ್ಪ ಕುಡಿದಿರಲಿಲ್ಲ, ದಾರಿ ನೋಡದೆ ನಡೆದವನೂ ಅಲ್ಲ. ಅವನನ್ನು ಹೊತ್ತು ತಂದು ಅಲ್ಲಿ ಇಳಿಸಿದರು. ಯಾಕೆ ಎಂದು ಅವನು ಕೇಳಿದ್ದ. ಅವನು ಕೇಳಿದ್ದನೆಂದು ಬರೆದಿರುವುದು ಲೋಕದಲ್ಲಿ ಇಷ್ಟೇ ಹಾಳೆಗಳಲ್ಲಿ. ಕಳೆಯಬೇಡಿ.